ಅರವತ್ತರ ನಂತರ ಅರಳಿದ ಕಲಾವಿದೆ ಮೇರಿ ಡ್ರೆಸ್ಲರ್

ಚಲನಚಿತ್ರವೆಂದೊಡನೆ ಯೌವನವೂ ಚೆಲುವೂ ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಇವೆರಡರ ಆಸರೆಯೂ ಇಲ್ಲದೆ, ಅರವತ್ತು ದಾಟಿದ ಬಳಿಕ ಹಾಲಿವುಡ್‌ನ ಅತ್ಯಂತ ಜನಪ್ರಿಯ ತಾರೆಯಾದವರು ಮೇರಿ ಡ್ರೆಸ್ಲರ್. ಅವರ ಬಾಳಿನ ಹಾದಿಯನ್ನು ನಾವಿಲ್ಲಿ ಅವಲೋಕಿಸೋಣ.

1868ರ ನವೆಂಬರ್ 9ರಂದು ಕೆನಡಾದ ಕೋಬರ್ಗ್ ಪಟ್ಟಣದಲ್ಲಿ ಜನಿಸಿದ ಅವರು ಹದಿಹರೆಯದಲ್ಲೇ ಮನೆ ತೊರೆದು ನಾಟಕ ಮಂಡಳಿಯನ್ನು ಸೇರಿದರು. ಸ್ಥೂಲಕಾಯ, ಒರಟು ಮುಖಲಕ್ಷಣಗಳ ಈ ಹುಡುಗಿಗೆ ನಾಯಕಿಯ ಪಾತ್ರಗಳು ಒದಗುವಂತಿರಲಿಲ್ಲ. ಜನರು ಕೊರತೆಯೆಂದು ಎಣಿಸಿದ್ದನ್ನೇ ಅವರು ಹಾಸ್ಯಾಭಿನಯದ ಬಂಡವಾಳವಾಗಿಸಿಕೊಂಡರು. 1910ರ 'ಟಿಲ್ಲೀಸ್ ನೈಟ್‌ಮೇರ್' ಎಂಬ ಸಂಗೀತ ನಾಟಕ ಅವರಿಗೆ ಅಪಾರ ಕೀರ್ತಿ ತಂದಿತು. ಅದನ್ನಾಧರಿಸಿ 1914ರಲ್ಲಿ ತೆರೆಕಂಡ ಚಿತ್ರದಲ್ಲಿ ಅವರೇ ನಾಯಕಿ. ಚಾರ್ಲಿ ಚಾಪ್ಲಿನ್ ಸಹನಟರು.

1919ರಲ್ಲಿ ನ್ಯೂಯಾರ್ಕ್ ರಂಗಭೂಮಿಯ ಕಲಾವಿದರು ಮುಷ್ಕರ ಹೂಡಿದರು. ಸಮೂಹಗಾನ, ನೃತ್ಯಗಳ ಬಡ ಯುವತಿಯರು ಆಗ ವಾರಗಟ್ಟಲೆ ಸಂಬಳವಿಲ್ಲದೆ ಅಭ್ಯಾಸ ನಡೆಸಬೇಕಿತ್ತು. ಹೆಸರಾಂತ ನಟಿಯಾಗಿದ್ದೂ ಡ್ರೆಸ್ಲರ್ ಅವರ ಪರ ನಿಂತು, ಅವರ ಹೊಸ ಸಂಘದ ಪ್ರಥಮ ಅಧ್ಯಕ್ಷೆಯಾದರು. ಮುಂದಿನ ವರ್ಷಗಳಲ್ಲಿ ಅವಕಾಶಗಳು ಬತ್ತಿಹೋದವು. ಜನ ಅವರನ್ನು ಮರೆಯತೊಡಗಿದರು.

ಆ ಸಂಕಷ್ಟದಲ್ಲಿ ನೆರವಿಗೆ ಬಂದವರು ಚಿತ್ರಕಥೆಗಾರ್ತಿ ಫ್ರಾನ್ಸಿಸ್ ಮೇರಿಯನ್. ಯುವ ವರದಿಗಾರ್ತಿಯಾಗಿದ್ದಾಗ ತಮಗೆ ಡ್ರೆಸ್ಲರ್ ತೋರಿದ ಔದಾರ್ಯವನ್ನು ಅವರು ಮರೆತಿರಲಿಲ್ಲ. ಆದರೆ ಅವರು ಒದಗಿಸಿಕೊಟ್ಟ 1927ರ 'ದಿ ಕ್ಯಾಲಹಾನ್ಸ್ ಅಂಡ್ ದಿ ಮರ್ಫೀಸ್' ಚಿತ್ರವು ಐರಿಷ್ ಜನರನ್ನು ಕುಡುಕರಂತೆ, ಒರಟರಂತೆ ಅಪಹಾಸ್ಯ ಮಾಡಿದೆಯೆಂದು ಅಮೆರಿಕದ ಐರಿಷ್ ಕಥೋಲಿಕರು ತೀವ್ರವಾಗಿ ಪ್ರತಿಭಟಿಸಿದರು. ಚಿತ್ರವನ್ನು ಹಿಂತೆಗೆದುಕೊಳ್ಳಲಾಯಿತು. ಮತ್ತೊಬ್ಬರನ್ನು ನೋಯಿಸುವ ನಗೆಗೆ ಆಯುಷ್ಯವಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಮಾತಿನ ಚಿತ್ರಗಳ ಯುಗ ಅವರ ಪಾಲಿಗೆ ಪುನರ್ಜನ್ಮವಾಯಿತು. 1930ರ 'ಅನ್ನಾ ಕ್ರಿಸ್ಟಿ'ಯಲ್ಲಿ ಗ್ರೇಟಾ ಗಾರ್ಬೊ ಅವರೊಡನೆ ಬಂದರಿನ ಮುದುಕಿಯಾಗಿ ನಟಿಸಿ ಎಲ್ಲರ ಗಮನ ಸೆಳೆದರು. ಅದೇ ವರ್ಷದ 'ಮಿನ್ ಅಂಡ್ ಬಿಲ್' ಚಿತ್ರದಲ್ಲಿ, ತೊರೆಯಲ್ಪಟ್ಟ ಹೆಣ್ಣುಮಗುವನ್ನು ಸಾಕಿ, ಆಕೆಯ ಸುಖಕ್ಕಾಗಿ ತನ್ನ ಸರ್ವಸ್ವವನ್ನೂ ಕಳೆದುಕೊಳ್ಳುವ ವಸತಿಗೃಹದೊಡತಿ ಅವರು. ನಗಿಸುತ್ತಲೇ ಕಣ್ಣು ತೇವಗೊಳಿಸುವ ಆ ಅಭಿನಯಕ್ಕೆ ಶ್ರೇಷ್ಠ ನಟಿಯ ಆಸ್ಕರ್ ಒಲಿಯಿತು. ಪ್ರಶಸ್ತಿ ಸ್ವೀಕರಿಸಿದ್ದು 1931ರ ನವೆಂಬರ್ 10ರಂದು, ತಮ್ಮ 63ನೇ ಜನ್ಮದಿನದ ಮರುದಿನ. 1932 ಮತ್ತು 1933ರಲ್ಲಿ ಚಿತ್ರಮಂದಿರಗಳಿಗೆ ಅತಿ ಹೆಚ್ಚು ಪ್ರೇಕ್ಷಕರನ್ನು ಸೆಳೆದ ತಾರೆ ಅವರೇ ಎಂದು ಪ್ರದರ್ಶಕರು ಆರಿಸಿದರು. ಆರ್ಥಿಕ ಮುಗ್ಗಟ್ಟಿನಿಂದ ಬಳಲಿದ್ದ ಜನರು ಆ ಸುಕ್ಕುಗಟ್ಟಿದ ಮುಖದಲ್ಲಿ ತಮ್ಮ ಮನೆಯ ಹಿರಿಯರನ್ನೇ ಕಂಡಿರಬೇಕು.

ಕ್ಯಾನ್ಸರ್ ಪೀಡಿತರಾಗಿ 1934ರ ಜುಲೈ 28ರಂದು ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಅವರು ನಿಧನರಾದರು. ತಮ್ಮ ಮನೆಯಲ್ಲಿ ಬಹುಕಾಲ ದುಡಿದ ಆಫ್ರಿಕನ್ ಮೂಲದ ದಂಪತಿಗೆ ಉಯಿಲಿನಲ್ಲಿ ದೊಡ್ಡ ಮೊತ್ತವನ್ನೇ ಬರೆದಿಟ್ಟಿದ್ದರು. ವರ್ಣಭೇದ ಬಲವಾಗಿದ್ದ ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ.

ವಯಸ್ಸಾಯಿತೆಂದು, ರೂಪವಿಲ್ಲವೆಂದು ನಮ್ಮ ಮನೆಯವರನ್ನೇ ನಾವು ಮೂಲೆಗೆ ಸರಿಸುವುದುಂಟು. ಹಾಗೆ ಮಾಡುವ ಮುನ್ನ ಈ ಬಾಳನ್ನೊಮ್ಮೆ ನೆನೆಯುವುದು ಒಳಿತು.