ಎಣ್ಣೆ ಹಾಕಲು ನಿಂತ ಎಂಜಿನಿಯರ್

ಒಂದು ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ನಡುವೆ ಪುಟ್ಟ ರೈಲು ಓಡುತ್ತಿತ್ತು. ಇಂಥ ಉಗಿಬಂಡಿಗಳ ಕಾಲದಲ್ಲಿ, ಎಂಜಿನ್ ಸವೆಯದ ಹಾಗೆ ನೋಡಿಕೊಳ್ಳೋದಕ್ಕೇ ತಮ್ಮ ಬದುಕು ಕೊಟ್ಟವರು ಎಲೈಜಾ ಮೆಕಾಯ್.

ಮೆಕಾಯ್ ಹುಟ್ಟಿದ್ದು 1844ರಲ್ಲಿ, ಕೆನಡಾದಲ್ಲಿ. ಅಪ್ಪ ಅಮ್ಮ ಅಮೆರಿಕದ ಕೆಂಟಕಿಯಲ್ಲಿ ಗುಲಾಮರಾಗಿದ್ದು, ತಪ್ಪಿಸಿಕೊಂಡು ಬಂದವರು. ಮಗನನ್ನು 15ನೇ ವಯಸ್ಸಿಗೇ ಸ್ಕಾಟ್ಲೆಂಡಿಗೆ ಕಳಿಸಿದರು. ಅಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಲಿತು ವಾಪಸ್ ಬಂದರೆ, ಕಪ್ಪು ಜನಾಂಗದವರಿಗೆ ಎಂಜಿನಿಯರ್ ಹುದ್ದೆ ಇಲ್ಲ! ಸಿಕ್ಕಿದ್ದು ಮಿಷಿಗನ್ ಸೆಂಟ್ರಲ್ ರೈಲ್ವೆಯಲ್ಲಿ ಬಾಯ್ಲರ್ ಉರಿ ನೋಡಿಕೊಂಡು, ಎಂಜಿನ್ನಿಗೆ ಎಣ್ಣೆ ಹಾಕುವ ಕೆಲಸ.

ಆಗ ರೈಲು ನಿಲ್ಲಿಸಿ ನಿಲ್ಲಿಸಿ ಎಣ್ಣೆ ಹಾಕಬೇಕಿತ್ತು. ಮೆಕಾಯ್ 1872ರಲ್ಲಿ ಇದಕ್ಕೊಂದು ಉಪಾಯದ ಪೇಟೆಂಟ್ ಪಡೆದರು: ಉಗಿಯ ಒತ್ತಡದಿಂದಲೇ ಎಣ್ಣೆ ತಾನಾಗಿ ಸಿಲಿಂಡರಿಗೆ ಇಳಿಯುವ ಲೂಬ್ರಿಕೇಟರ್. ಬಂಡವಾಳ ಇಲ್ಲದ ಕಾರಣ ಎಷ್ಟೋ ಪೇಟೆಂಟುಗಳ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಡಬೇಕಾಯಿತು.

ಮುಂದೆ ಸೂಪರ್‌ಹೀಟೆಡ್ ಉಗಿಯ ಎಂಜಿನ್‌ಗಳು ಬಂದವು. ಆ ಬಿಸಿಗೆ ಬರೀ ಎಣ್ಣೆ ಸಾಲದು. ಎಣ್ಣೆಗೆ ಗ್ರಾಫೈಟ್ ಬೆರೆಸಿದರೆ ಅದರ ಪದರಗಳು ಒಂದರ ಮೇಲೊಂದು ಜಾರಿ ಲೋಹವನ್ನು ಕಾಯುತ್ತವೆ, ಆದರೆ ಪುಡಿ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಳ್ಳದೆ ಸಮನಾಗಿ ಹರಿಯುವ ಗ್ರಾಫೈಟ್ ಲೂಬ್ರಿಕೇಟರಿಗೆ 1915ರಲ್ಲಿ ಪೇಟೆಂಟ್ ಸಿಕ್ಕಿತು. ಆಗ ಅವರಿಗೆ 70 ದಾಟಿತ್ತು. 1920ರಲ್ಲಿ ಕೊನೆಗೂ ಸ್ವಂತ ಹೆಸರಿನ ಕಂಪನಿ ಆಯಿತು. 1929ರಲ್ಲಿ ತೀರಿಕೊಂಡರು.

ಆಮೇಲೆ 1940ರ ದಶಕದಲ್ಲಿ ಎಂಜಿನ್ ಆಯಿಲ್‌ಗೆ ಜಿಂಕ್, ರಂಜಕ, ಗಂಧಕ ಇರುವ ಜಡ್‌ಡಿಡಿಪಿ ಬಂತು. ಸವೆತ ತಡೆಯೋದರಲ್ಲಿ ಇವತ್ತಿಗೂ ಅದೇ ಗಟ್ಟಿಗ. ಆದರೆ ಅದರ ರಂಜಕ ಕಾರಿನ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳು ಮಾಡುತ್ತದೆ, ಜಿಂಕ್ ಹೆಚ್ಚಾದರೆ ನೀರಿನ ಜೀವಿಗಳಿಗೆ ವಿಷ. ಕೊಪ್ಪ, ಶೃಂಗೇರಿ ಕಡೆ ಟಿಲ್ಲರ್, ಜೀಪುಗಳ ಹಳೇ ಆಯಿಲನ್ನು ಮಣ್ಣಿಗೆ ಸುರಿದರೆ ಮಳೆಗಾಲದಲ್ಲಿ ಅದು ಹಳ್ಳ ಹಿಡಿದು ತುಂಗೆಗೆ ಇಳಿಯುತ್ತೆ, ನರಸಿಂಹರಾಜಪುರದಲ್ಲಾದರೆ ಭದ್ರೆಗೆ. ಶೃಂಗೇರಿ ಮಠದ ಮುಂದಿನ ಮೀನುಗಳಿಗೆ ನಾವು ಮಂಡಕ್ಕಿ ಹಾಕೋದು ಇದೇ ತುಂಗೆಯಲ್ಲಿ.

ಅದಕ್ಕೇ ಸಂಶೋಧಕರು ಈಗ ಬೋರಾನ್ ಸಂಯುಕ್ತಗಳು, ಗ್ರಾಫೈಟಿನದೇ ತೆಳು ಪದರವಾದ ಗ್ರಾಫೀನ್, ಇವನ್ನೆಲ್ಲ ಪರೀಕ್ಷಿಸುತ್ತಿದ್ದಾರೆ. ಎದುರಾಗೋ ತೊಂದರೆ ಮಾತ್ರ ಹಳೆಯದೇ: ಪುಡಿ ಎಣ್ಣೆಯಲ್ಲಿ ಕಟ್ಟಿಕೊಳ್ಳದೆ ಸಮನಾಗಿ ನಿಲ್ಲಬೇಕು. ಮೆಕಾಯ್ 70ರ ವಯಸ್ಸಿನಲ್ಲಿ ಬಿಡಿಸಲು ಕೂತ ಲೆಕ್ಕ ಇನ್ನೂ ಮುಗಿದಿಲ್ಲ. ಮೆಕ್ಯಾನಿಕಲ್, ಕೆಮಿಕಲ್‌ನವರು ಯಾರಾದರೂ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ, ಇದನ್ನು ಕೈಗೆತ್ತಿಕೊಳ್ಳಬಹುದು.