ದಣಿದ ಯಂತ್ರವನ್ನು ಪರೀಕ್ಷಿಸಿದ ಜಗದೀಶಚಂದ್ರ ಬೋಸ್

ಮಕ್ಕಳೇ, ಯಾರೋ ಬಳಸಿದ ವೈ-ಫೈ ರೌಟರ್ ಒಂದು ನಿಮ್ಮ ಶಾಲೆಗೆ ಬಂದಿದೆ ಎಂದುಕೊಳ್ಳಿ. ದೀಪ ಹತ್ತಿದ ಕೂಡಲೇ ಅದು ಚೆನ್ನಾಗಿದೆ ಎನ್ನಬಹುದೇ? ಐದು ನಿಮಿಷ ಸರಿಯಾಗಿ ನಡೆದ ಉಪಕರಣ ಐದು ಗಂಟೆಯ ನಂತರ ಕೈಕೊಡಬಹುದು. ಆದ್ದರಿಂದ ಮತ್ತೆ ಮತ್ತೆ ಪರೀಕ್ಷಿಸಬೇಕು. ನೂರು ವರ್ಷಗಳಿಗೂ ಹಿಂದೆ ನಿಸ್ತಂತು ಉಪಕರಣಗಳನ್ನು ಹೀಗೆ ಪರೀಕ್ಷಿಸಿದ ಭಾರತೀಯ ವಿಜ್ಞಾನಿಯೇ ಜಗದೀಶಚಂದ್ರ ಬೋಸ್.

ಬೋಸರು ಹುಟ್ಟಿದ್ದು 1858ರ ನವೆಂಬರ್ 30ರಂದು, ಇಂದಿನ ಬಾಂಗ್ಲಾದೇಶದ ಮೈಮನ್‌ಸಿಂಗ್‌ನಲ್ಲಿ. ತಂದೆ ಸರ್ಕಾರಿ ಅಧಿಕಾರಿ. ಆದರೂ ಮಗನನ್ನು ಇಂಗ್ಲಿಷ್ ಶಾಲೆಯ ಬದಲು ಊರಿನ ಬಂಗಾಳಿ ಶಾಲೆಗೆ ಸೇರಿಸಿದರು. ಅಲ್ಲಿ ಬಾಲಕ ಜಗದೀಶ ಬೆಸ್ತರ ಹುಡುಗನ ಪಕ್ಕದಲ್ಲಿ ಕುಳಿತು ಕಲಿತ. ಅವನಿಂದ ಮೀನು, ಪ್ರಾಣಿಗಳ ಕಥೆ ಕೇಳಿದ.

ಇಂಗ್ಲೆಂಡಿನಲ್ಲಿ ಓದಿ ಬಂದ ಬೋಸರು 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಆಗ ಇಂಗ್ಲಿಷರಿಗಿಂತ ಭಾರತೀಯರಿಗೆ ಸಂಬಳ ಕಡಿಮೆ. ಈ ಅನ್ಯಾಯವನ್ನು ಬೋಸರು ಒಪ್ಪಲಿಲ್ಲ. ಮನೆಯಲ್ಲಿ ಸಾಲವಿದ್ದರೂ ಮೂರು ವರ್ಷ ಸಂಬಳ ಮುಟ್ಟದೆ ಪಾಠ ಮಾಡಿದರು. ಕೊನೆಗೆ ಸರ್ಕಾರ ಮಣಿದು ಹಿಂದಿನ ವರ್ಷಗಳಿಗೂ ಸೇರಿಸಿ ಪೂರ್ತಿ ಸಂಬಳ ಕೊಟ್ಟಿತು.

1894ರಲ್ಲಿ ಅವರು ನಿಸ್ತಂತು ಅಲೆಗಳ ಸಂಶೋಧನೆ ಆರಂಭಿಸಿದರು. ಒಳ್ಳೆಯ ಪ್ರಯೋಗಾಲಯವಿರಲಿಲ್ಲ. ಒಂದು ಪುಟ್ಟ ಕೋಣೆಯಲ್ಲಿ, ತಗಡಿನ ಕೆಲಸದವನೊಬ್ಬನ ನೆರವಿನಿಂದ ಉಪಕರಣಗಳನ್ನು ಮಾಡಿಸಿಕೊಂಡರು. ಸುಮಾರು 5 ಮಿಲಿಮೀಟರ್ ಉದ್ದದಷ್ಟು ಕಿರಿದಾದ ಅಲೆಗಳನ್ನೂ ಉಂಟುಮಾಡಿದರು. ಮನೆಯ ರೌಟರಿನ ಅಲೆಗಳು ಸಾಮಾನ್ಯವಾಗಿ 12 ಅಥವಾ 6 ಸೆಂಟಿಮೀಟರ್ ಉದ್ದವಿರುತ್ತವೆ. 1895ರಲ್ಲಿ ಬೋಸರು ಕಲ್ಕತ್ತೆಯಲ್ಲಿ ಜನರ ಎದುರು ಅಲೆಗಳನ್ನು ಗೋಡೆಯಾಚೆ ಕಳಿಸಿ, ಗಂಟೆ ಬಾರಿಸಿ, ಸಿಡಿಮದ್ದು ಸಿಡಿಸಿ ತೋರಿಸಿದರು.

ಅಲೆಯನ್ನು ಹಿಡಿಯುವ ಗ್ರಾಹಕಕ್ಕೆ ಆಗ ಕೊಹೀರರ್ ಎಂದು ಹೆಸರು. ಅದು ಲೋಹದ ರಜ ತುಂಬಿದ ಗಾಜಿನ ಕೊಳವೆ. ಅಲೆ ತಾಗಿದಾಗ ರಜದ ಕಣಗಳು ಒಂದಕ್ಕೊಂದು ಅಂಟಿಕೊಂಡು ವಿದ್ಯುತ್ತು ಹರಿಯುತ್ತಿತ್ತು. ಮುಂದಿನ ಅಲೆಗೆ ಸಿದ್ಧವಾಗಲು ಕೊಳವೆಯನ್ನು ತಟ್ಟಬೇಕಿತ್ತು. ಒಮ್ಮೆ ಸರಿಯಾಗಿ ನಡೆದರೆ ಇನ್ನೊಮ್ಮೆ ನಡೆಯುತ್ತದೆಂಬ ಭರವಸೆ ಇರಲಿಲ್ಲ. ಬೋಸರು ರಜದ ಬದಲು ಉಕ್ಕಿನ ಸಣ್ಣ ಸುರುಳಿಗಳನ್ನು ಜೋಡಿಸಿ, ಅವುಗಳ ಮೇಲಿನ ಒತ್ತಡವನ್ನು ತಿರುಪಿನಿಂದ ಹೊಂದಿಸಿದರು. 1899ರಲ್ಲಿ ಕಬ್ಬಿಣ ಮತ್ತು ಪಾದರಸದ ಗ್ರಾಹಕವನ್ನು ಪ್ರಕಟಿಸಿದರು. ಅದನ್ನು ತಟ್ಟುವ ಅಗತ್ಯವೇ ಇರಲಿಲ್ಲ.

ಪರೀಕ್ಷೆ ಮಾಡುತ್ತಾ ಹೋದಂತೆ ವಿಚಿತ್ರವೊಂದು ಕಂಡಿತು. ಬಹಳ ಹೊತ್ತು ಬಳಸಿದ ಗ್ರಾಹಕ ಮಂದವಾಗುತ್ತಿತ್ತು. ವಿಶ್ರಾಂತಿ ಕೊಟ್ಟರೆ ಮತ್ತೆ ಚುರುಕಾಗುತ್ತಿತ್ತು! ಉಪಕರಣ ಕೆಟ್ಟಿದೆ ಎಂದು ಬೋಸರು ಅದನ್ನು ಮೂಲೆಗೆಸೆಯಲಿಲ್ಲ. ಪ್ರತಿ ಸಲದ ಪ್ರತಿಕ್ರಿಯೆಯನ್ನು ದಾಖಲಿಸಿ ಗೆರೆ ಎಳೆದರು. ಆ ಗೆರೆಗಳು ದಣಿದ ಸ್ನಾಯುವಿನ ಗೆರೆಗಳನ್ನು ಹೋಲುತ್ತಿದ್ದವು. 1901ರಲ್ಲಿ ಲಂಡನ್ನಿನಲ್ಲಿ ಇದನ್ನು ವಿವರಿಸಿದಾಗ ಕೆಲವು ವಿಜ್ಞಾನಿಗಳು ಒಪ್ಪಲಿಲ್ಲ. ಲೋಹಕ್ಕೆ ಜೀವವಿದೆ ಎಂದು ಇಂದಿನ ವಿಜ್ಞಾನವೂ ಹೇಳುವುದಿಲ್ಲ. ಆದರೆ ಈ ಪ್ರಶ್ನೆಯೇ ಬೋಸರನ್ನು ಸಸ್ಯಗಳತ್ತ ಕರೆದೊಯ್ದಿತು. ಗಿಡದ ಬೆಳವಣಿಗೆಯನ್ನು ಸಾವಿರಾರು ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಎಂಬ ಉಪಕರಣವನ್ನು ಅವರು ನಿರ್ಮಿಸಿದರು.

1917ರಲ್ಲಿ ಅವರು ಕಲ್ಕತ್ತೆಯಲ್ಲಿ ಬೋಸ್ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. 1920ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ತೀರಿಕೊಂಡರು.

ನೀವೂ ಮಾಡಿ ನೋಡಿ: ಹಳೆಯ ರೇಡಿಯೋ ಒಂದನ್ನು ಒಂದೇ ಜಾಗದಲ್ಲಿಟ್ಟು ಒಂದೇ ಕೇಂದ್ರವನ್ನು ಹಾಕಿ. ಗಂಟೆಗೊಮ್ಮೆ ಧ್ವನಿ ಹೇಗಿದೆ ಎಂದು ಬರೆದಿಡಿ. ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ ಪರೀಕ್ಷಿಸಿ. ಎರಡು ದಿನದ ಪಟ್ಟಿಯಲ್ಲಿ ವ್ಯತ್ಯಾಸ ಕಂಡರೆ, ಏಕೆ ಎಂದು ಕೇಳಿಕೊಳ್ಳಿ. ಬೋಸರೂ ಅಲ್ಲಿಂದಲೇ ಆರಂಭಿಸಿದರು.