ಲೆಸ್ಲಿ ಚಾರ್ಲ್ಸ್ ಕೋಲ್ಮನ್

ಲೆಸ್ಲಿ ಚಾರ್ಲ್ಸ್ ಕೋಲ್ಮನ್ (1878–1954) ಕೆನಡಾ ಮೂಲದ ಕೀಟಶಾಸ್ತ್ರಜ್ಞ ಹಾಗೂ ಸಸ್ಯರೋಗಶಾಸ್ತ್ರಜ್ಞ. ಇವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕರಾಗಿದ್ದರು. ಜೋಳದ ಮಿಡತೆ, ಅಡಿಕೆಯ ಕೊಳೆರೋಗ ಮತ್ತು ಶ್ರೀಗಂಧದ ಸ್ಪೈಕ್ ರೋಗಗಳ ಕುರಿತ ಅಧ್ಯಯನಗಳಿಗಾಗಿ ಇವರು ಪ್ರಸಿದ್ಧರು. ಬಳ್ಳಾರಿ, ಚಿತ್ರದುರ್ಗ, ಧಾರವಾಡ ಸೀಮೆಗಳ ಜೋಳದ ಹೊಲಗಳನ್ನು ಕಾಡುತ್ತಿದ್ದ ರೆಕ್ಕೆಯಿಲ್ಲದ ಮಿಡತೆಗೆ ಇವರ ಹೆಸರಿನಿಂದಲೇ ಕೋಲ್ಮೇನಿಯಾ ಸ್ಫೆನಾರಿಯಾಯ್ಡಿಸ್ ಎಂಬ ವೈಜ್ಞಾನಿಕ ನಾಮ ಬಂದಿದೆ.

ಆರಂಭಿಕ ಜೀವನ

ಕೋಲ್ಮನ್ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಜನಿಸಿದರು. ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಗಳಿಸಿದರು. 1908ರಲ್ಲಿ ಮೈಸೂರು ಸರ್ಕಾರದ ಶಿಲೀಂಧ್ರ ಹಾಗೂ ಕೀಟತಜ್ಞರಾಗಿ ಸೇವೆಗೆ ಸೇರಿದರು. ಆ ವೇಳೆಗೆ ಕೆನಡಾದವರೇ ಆದ ಅಡಾಲ್ಫ್ ಲೇಮನ್ ಇಲ್ಲಿ ಕೃಷಿ ರಸಾಯನಶಾಸ್ತ್ರಜ್ಞರಾಗಿ ಕೆಲಸ ಮಾಡುತ್ತಿದ್ದರು.

ಜೋಳದ ಮಿಡತೆಯ ಅಧ್ಯಯನ

ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿಗಳನ್ನು ಒಳಗೊಂಡ ಬಯಲು ಸೀಮೆಯು ಅಂದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಅದಕ್ಕೆ ಹೊಂದಿಕೊಂಡಂತೆ ದಕ್ಷಿಣಕ್ಕೆ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆ. ಆಡಳಿತದ ಗಡಿ ಎಲ್ಲಿದ್ದರೂ ಮಣ್ಣು, ಮಳೆ ಮತ್ತು ಬೆಳೆಗಳಲ್ಲಿ ಇವೆರಡೂ ಬಹುಮಟ್ಟಿಗೆ ಒಂದೇ. ವರ್ಷಕ್ಕೆ ಹೆಚ್ಚುಕಡಿಮೆ 500ರಿಂದ 600 ಮಿ.ಮೀ. ಮಳೆ ಬೀಳುವ ಈ ಪ್ರದೇಶದಲ್ಲಿ ಜೋಳವೇ ಜನರ ರೊಟ್ಟಿ, ಅದರ ಸೊಪ್ಪೆಯೇ ದನಗಳ ಮೇವು. ಒಂದು ಬೆಳೆ ಹೋದರೆ ಮನುಷ್ಯರಿಗೂ ಜಾನುವಾರುಗಳಿಗೂ ಒಟ್ಟಿಗೇ ಕೊರತೆ ಬೀಳುತ್ತಿತ್ತು.

ಈ ಹೊಲಗಳ ಮಿಡತೆಯನ್ನು 1910ರಲ್ಲಿ ಸ್ಪೇನ್ ದೇಶದ ಕೀಟಶಾಸ್ತ್ರಜ್ಞ ಇಗ್ನಾಸಿಯೊ ಬೊಲಿವಾರ್ ಹೊಸ ಪ್ರಭೇದವೆಂದು ವಿವರಿಸಿದರು. ಮರುವರ್ಷ, 1911ರಲ್ಲಿ, ಅದರ ಜೀವನಚರಿತ್ರೆಯನ್ನು ಕುರಿತ ಕೋಲ್ಮನ್ ಅವರ ವರದಿ ಮೈಸೂರು ಕೃಷಿ ಇಲಾಖೆಯ ಪ್ರಕಟಣೆಯಾಗಿ ಹೊರಬಂದಿತು.

ಈ ಕೀಟದ ಬದುಕು ಮಳೆಯ ಲೆಕ್ಕಕ್ಕೆ ಕಟ್ಟುಬಿದ್ದಿದೆ. ವರ್ಷಕ್ಕೆ ಒಂದೇ ಪೀಳಿಗೆ. ಹಿಂಗಾರಿನ ಹೊತ್ತಿಗೆ ಹೆಣ್ಣು ಮಿಡತೆಗಳು ಮಣ್ಣಿನೊಳಗೆ ಗುಂಪುಗುಂಪಾಗಿ ಮೊಟ್ಟೆ ಇಡುತ್ತವೆ. ಚಳಿಗಾಲವನ್ನೂ ಬೇಸಿಗೆಯ ಕಡು ಬಿಸಿಲನ್ನೂ ಆ ಮೊಟ್ಟೆಗಳು ನೆಲದಡಿಯಲ್ಲಿಯೇ ಕಳೆಯುತ್ತವೆ. ಮುಂಗಾರಿನ ಹದಮಳೆ ಬಿದ್ದು ಮಣ್ಣು ನೆನೆದಾಗ ಮರಿಗಳು ಹೊರಬರುತ್ತವೆ. ರೈತ ಬಿತ್ತನೆಗೆ ಕಾಯುವ ಮಳೆಯೇ ಮಿಡತೆಯ ಮೊಟ್ಟೆ ಕಾಯುವ ಮಳೆಯೂ ಆಗಿರುವುದರಿಂದ, ಎಳೆಯ ಪೈರು ಮತ್ತು ಎಳೆಯ ಮರಿ ಜೊತೆಯಾಗಿಯೇ ಬೆಳೆಯುತ್ತವೆ. ಮಳೆ ತಡವಾದ ವರ್ಷ ಎರಡೂ ತಡವಾಗುತ್ತವೆ.

ಪ್ರೌಢ ಮಿಡತೆಗೂ ರೆಕ್ಕೆಗಳಿಲ್ಲ. ಆದ್ದರಿಂದ ಮರುಭೂಮಿಯ ಮಿಡತೆಯಂತೆ ಇದು ದಂಡುಕಟ್ಟಿ ದೂರ ಹಾರಿಹೋಗಲಾರದು. ಒಂದು ಹೊಲದಲ್ಲಿ ಹುಟ್ಟಿದ್ದು ಅದೇ ಹೊಲದಲ್ಲಿಯೋ ಪಕ್ಕದ ಬದುವಿನಲ್ಲಿಯೋ ಮೊಟ್ಟೆ ಇಡುತ್ತದೆ. ಪಿಡುಗು ವರ್ಷದಿಂದ ವರ್ಷಕ್ಕೆ ಅದೇ ನೆಲದಲ್ಲಿ ಉಳಿಯುವುದಕ್ಕೆ ಇದೇ ಕಾರಣ; ಊರಿನವರು ಒಟ್ಟಾಗಿ ಕೈಹಾಕಿದರೆ ಅದನ್ನು ಹತೋಟಿಗೆ ತರಬಹುದೆಂಬುದಕ್ಕೂ ಇದೇ ಆಧಾರ. ಮೊಟ್ಟೆಗಳಿರುವ ನೆಲವನ್ನು ಉತ್ತು ಅವನ್ನು ಬಿಸಿಲಿಗೂ ಹಕ್ಕಿಗಳಿಗೂ ಒಡ್ಡುವುದು, ಮರಿಗಳು ಚಿಕ್ಕವಿರುವಾಗಲೇ ಚೀಲದ ಬಲೆಯಿಂದ ಹಿಡಿಯುವುದು ಇಂಥ ಕೀಟಕ್ಕೆ ತಕ್ಕ ಉಪಾಯಗಳು. ಹೆಚ್ಚು ಹಣ ಬೇಡದ ಕೆಲಸಗಳಿವು; ಆದರೆ ಮಳೆ ಬಿದ್ದ ಮೇಲಿನ ಕೆಲವೇ ವಾರಗಳನ್ನು ತಪ್ಪಿಸಿಕೊಂಡರೆ ಬಲೆಯಿಂದ ಹೆಚ್ಚಿನ ಪ್ರಯೋಜನವಿಲ್ಲ.

ಇದೇ ವರ್ಷ ಸಹೋದ್ಯೋಗಿ ಕೆ. ಕುಂಞಿ ಕಣ್ಣನ್ ಅವರೊಡನೆ ಭತ್ತದ ಮಿಡತೆಯ ಕುರಿತೂ ಕೋಲ್ಮನ್ ವರದಿ ಪ್ರಕಟಿಸಿದರು.

ಕೊಳೆರೋಗ

ಬಯಲು ಸೀಮೆಯಲ್ಲಿ ಮಳೆಯ ಆರಂಭ ಮುಖ್ಯವಾಗಿದ್ದರೆ, ಮಲೆನಾಡಿನಲ್ಲಿ ಮಳೆ ಬಿಡುವಿಲ್ಲದೆ ಸುರಿಯುವುದೇ ತೊಂದರೆಗೆ ಕಾರಣವಾಗಿತ್ತು. ಅಡಿಕೆಯ ಎಳೆಗಾಯಿಗಳನ್ನು ಉದುರಿಸುತ್ತಿದ್ದ ಕೊಳೆರೋಗಕ್ಕೆ ಫೈಟಾಫ್ತೊರಾ ಜಾತಿಯ ಜೀವಿ ಕಾರಣವೆಂದು ಕೋಲ್ಮನ್ 1910ರಲ್ಲಿ ವಿವರಿಸಿದರು. ತೋಟಿಗರು ಅದುವರೆಗೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ನೋಡಿಕೊಳ್ಳುತ್ತಿದ್ದರು. ರೋಗದ ಕಾರಣ ತಿಳಿಯದೆಯೂ ಅವರ ಕ್ರಮ ಸರಿಯಾಗಿಯೇ ಇತ್ತು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗಾಲಕ್ಕೆ ಮುಂಚೆಯೇ ಸಿಂಪಡಿಸುವ ಪದ್ಧತಿಯನ್ನು ಕೋಲ್ಮನ್ ಬಳಕೆಗೆ ತಂದರು. ಮಳೆಗೆ ತೊಳೆದುಹೋಗದಿರಲೆಂದು ಅದಕ್ಕೆ ರಾಳದ ಅಂಟನ್ನು ಸೇರಿಸಲಾಯಿತು. ಮಲೆನಾಡಿನ ತೋಟಗಳಲ್ಲಿ ಬೋರ್ಡೋ ಸಿಂಪಡಣೆ ಇಂದಿಗೂ ನಡೆಯುತ್ತಿದೆ.

ಶ್ರೀಗಂಧ ಮತ್ತು ಕಾಫಿ

ಶ್ರೀಗಂಧ ಮೈಸೂರಿನ ರಾಜಮರವಾಗಿದ್ದು, ಸರ್ಕಾರದ ಆದಾಯದ ಮೂಲಗಳಲ್ಲಿ ಒಂದಾಗಿತ್ತು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಗುವ ವೇಳೆಗೆ, 1899ರಲ್ಲಿ ಕೊಡಗಿನಲ್ಲಿ ಮೊದಲು ಗಮನಕ್ಕೆ ಬಂದಿದ್ದ ಸ್ಪೈಕ್ ರೋಗ ಮೈಸೂರಿನ ಕಾಡುಗಳನ್ನೂ ಹೊಕ್ಕಿತ್ತು. ರೋಗ ತಗುಲಿದ ಮರದ ಎಲೆಗಳು ಕಿರಿದಾಗಿ, ಬಿರುಸಾಗಿ ನಿಂತು, ಕೆಲವೇ ವರ್ಷಗಳಲ್ಲಿ ಮರ ಒಣಗುತ್ತಿತ್ತು. ಹವೆ, ಮಣ್ಣು ಅಥವಾ ಮರದೊಳಗಿನ ರಸಸಂಚಾರದ ಏರುಪೇರು ಇದಕ್ಕೆ ಕಾರಣವೆಂಬ ವಾದಗಳಿದ್ದವು. ಕಸಿಯ ಮೂಲಕ ರೋಗ ಹರಡುತ್ತದೆಂಬುದನ್ನು ಕೋಲ್ಮನ್ ತಮ್ಮ 1917ರ ವರದಿಯಲ್ಲಿ ತೋರಿಸಿದ್ದರಿಂದ ಇದು ಅಂಟುರೋಗವೆಂಬುದು ಖಚಿತವಾಯಿತು. ಹರಡುವ ಕೀಟ ಯಾವುದೆಂಬ ಹುಡುಕಾಟ ಆಮೇಲಿನದು; ಸಂಶೋಧಕರು ರಸಹೀರುವ ಜಿಗಿಹುಳುಗಳತ್ತ ಗಮನ ಹರಿಸಿದರು. ರೋಗಕಾರಕವನ್ನು ಗುರುತಿಸಲು 1969ರವರೆಗೆ ಕಾಯಬೇಕಾಯಿತು.

ಕಾಫಿ ತೋಟಗಳ ಬಿಳಿ ಕಾಂಡ ಕೊರಕ ಹುಳು ಹಳೆಯ ಶತ್ರು. 1860ರ ದಶಕದಲ್ಲಿ ಅದು ಮೈಸೂರು ಮತ್ತು ಕೊಡಗಿನ ತೋಟಗಳನ್ನು ಹಾಳುಗೆಡವಿದಾಗ ಡಾ. ಜಾರ್ಜ್ ಬಿಡೀ ತನಿಖೆ ನಡೆಸಿದ್ದರು. ಪ್ರೌಢ ದುಂಬಿಗಳು ಬಿಸಿಲಿನ ದಿನಗಳಲ್ಲಿ ಚುರುಕಾಗಿ, ನೆರಳಿಲ್ಲದ ಗಿಡಗಳ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆ ಇಡುತ್ತವೆ. ಕಾಡುಮರಗಳನ್ನು ಕಡಿದು ತೆರೆದ ತೋಟಗಳಲ್ಲಿ ಹಾವಳಿ ಹೆಚ್ಚುವುದು ಈ ಕಾರಣದಿಂದ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಸರ್ಕಾರ ಸ್ಥಾಪಿಸಿದ ಕಾಫಿ ಪ್ರಯೋಗ ಕೇಂದ್ರದ ಹಿಂದೆ ಕೋಲ್ಮನ್ ಅವರ ಶ್ರಮವಿತ್ತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದರ ಮುಂದುವರಿಕೆ.

ನಿರ್ದೇಶಕರಾಗಿ ಮತ್ತು ನಂತರ

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಕೋಲ್ಮನ್ ಕೃಷಿ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದ ಅವರು 1954ರಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ನಿಧನರಾದರು.